ಟವೆಲ್ ಸರಿಸಿದ ಮಾಸ್ತರು

ಲಕ್ವಾ ಹೊಡೆದು ಮಾತು ನಿಂತಿದ್ದ ನಮ್ಮವ್ವನಿಗೆ ಮತ್ತೆ ಮಾತು ಕಲಿಸಿದವರು ಕೇಶ್ವಾಪುರದ ಒಬ್ಬ ಸ್ಪೀಚ್ ಥೆರಪಿ ಮಾಸ್ತರು. ಅವಳ ಕೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು, ಒಂದೇ ಶಬ್ದಕ್ಕಾಗಿ ಅರ್ಧ ತಾಸು ಕಾಯುತ್ತಿದ್ದರು. "ಅವಸರ ಇಲ್ಲಬೇ ಯವ್ವಾ, ನಾ ಇಲ್ಲೇ ಅದೀನಿ" ಎನ್ನುತ್ತಿದ್ದರು. ಅದನ್ನು ನೋಡಿ ನೋಡಿ ನನ್ನ ಮಗಳು ತಾನೂ ಅದೇ ಡಿಗ್ರಿ ಓದುತ್ತೇನೆಂದು ಹಟ ಹಿಡಿದಳು. ಬ್ಯಾಂಕಿನ ಸಾಲವಿಲ್ಲದೆ ಅದು ಆಗುವಂತಿರಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟು ದನದ ಸಂತೆಯಲ್ಲಿ ದಲ್ಲಾಳಿಯಾದವನು. ಟವೆಲ್ಲಿನ ಕೆಳಗೆ ಬೆರಳು ಒತ್ತಿ ದರ ಹೇಳುವುದು ನಮ್ಮ ರೂಢಿ. ಈ ಕೆಲಸದಲ್ಲಿ ಸಾಲ ತೀರೀತೇ ಎಂದು ತಿಳಿಯಬೇಕಿತ್ತು; ಮಾಸ್ತರ ಪಗಾರವನ್ನು ಬಾಯಿಬಿಟ್ಟು ಕೇಳಲು ಸಂಕೋಚವಾಗಿ, ಮಗಳ ಎದುರಿಗೇ ಹಾಗೆಯೇ ಟವೆಲ್ ಹೊದಿಸಿ ಕೈ ಚಾಚಿದೆ.

ಅವರು ನಕ್ಕು ಟವೆಲ್ ಸರಿಸಿಬಿಟ್ಟರು. "ಕಾಕಾ, ನಾ ಏನ್ ಎತ್ತೇನ್ರಿ? ಸಾಲ ಆಕಿ ಹೆಸರಿಲೆ ಬರತೈತಿ, ಆಕೀನೂ ಕೇಳ್ಲಿ. ನನ್ನ ಮೊದಲನೇ ಪಗಾರ ಹದಿನೆಂಟು ಸಾವಿರ. ಏಳು ಸಾವಿರ ನನ್ನ ಓದಿನ ಸಾಲದ ಕಂತಿಗೇ ಹೋಗತಿತ್ತು. ಐದು ವರ್ಷ ಭಾಳ ಬಿಗಿ ಇತ್ರಿ. ಈಗ ಛಲೋ ಐತಿ."

ದರ ಇಳಿಸುವ ತನ್ನ ಎತ್ತಿನ ಕೆಟ್ಟ ಸುಳಿಯನ್ನು ತಾನೇ ತೋರಿಸಿಕೊಡುವವನನ್ನು ನಾನು ಸಂತೆಯಲ್ಲಿ ಎಂದೂ ನೋಡಿರಲಿಲ್ಲ.

"ಹನ್ನೊಂದು ಉಳೀತಾವಲ್ಲಪ್ಪಾ," ಎಂದಳು ಮಗಳು. "ಮನ್ಯಾಗ ಉಣ್ತೀನಿ, ಸಾಕು."

ಆ ವಾರವೇ ಬ್ಯಾಂಕಿನಲ್ಲಿ ಅವಳ ಸಹಿಯ ಕೆಳಗೆ ನನ್ನದನ್ನೂ ಹಾಕಿದೆ. ಇಷ್ಟು ವರ್ಷ ಮಾಡಿದ ವ್ಯವಹಾರಗಳಲ್ಲಿ ನಾನು ಸಹಿ ಮಾಡಿದ್ದು ಅದೊಂದಕ್ಕೇ.