ಬೇಬಿಯಕ್ಕ ದರ ಕೇಳಿದ್ದು

ಚೆನ್ನೈಯ ತ್ರಿಪ್ಲಿಕೇನಿನ ನಮ್ಮ ಓಣಿಯಲ್ಲಿ ಬೇಬಿಯಕ್ಕನ ಮೆಸ್ಸಿಗೆ ಹೆಸರಿನ ಹಲಗೆಯಿಲ್ಲ, ಬೇಕಾಗಿಯೂ ಇಲ್ಲ. ಸಾಂಬಾರಿಗೆ ಒಗ್ಗರಣೆ ಬಿದ್ದರೆ ಸಾಕು, ಲಾಡ್ಜುಗಳಲ್ಲಿ ಇಳಿದವರಿಗೆ ಮೂಗೇ ದಾರಿ ತೋರಿಸುತ್ತದೆ. ಗಂಡ ಶೀನಣ್ಣ ಒಲೆಯ ಮುಂದೆ, ಅವಳು ಗಲ್ಲಾದಲ್ಲಿ. ನಾನು ಮೈಸೂರು ಕಡೆಯವಳು, ಅದೇ ಕಟ್ಟಡದ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನನ್ನ ಸೋಮಾರಿತನಕ್ಕೆ ಅವಳ ಮೆಸ್ಸೇ ಗತಿ. ಉಂಡ ಋಣಕ್ಕೆ ಹೊಗಳುತ್ತಿದ್ದೇನೆ ಅಂದುಕೊಂಡರೂ ನನ್ನದೇನೂ ಅಡ್ಡಿಯಿಲ್ಲ.

ಆ ಮೆಸ್ಸಿನಲ್ಲಿ ಅವಳ ಊರಾದ ಉಡುಪಿ ಕಡೆಯ ಬಳಗದವರಿಗೆ ಬಿಲ್ಲಿಲ್ಲ. ಹೋಟೆಲಿನವರಿಗೆ ಹೋಟೆಲೇ ಮನೆ, ಮನೆಗೆ ಬಂದವರ ಹತ್ತಿರ ಊಟಕ್ಕೆ ಯಾರಾದರೂ ದುಡ್ಡು ಕೇಳುತ್ತಾರೆಯೇ? ಹೀಗೆಂದು ಬೇಬಿಯಕ್ಕ ನಂಬಿದ್ದಳು, ಅವಳ ಅಪ್ಪನೂ ನಂಬಿದ್ದ. ನಮ್ಮವರು ನಮ್ಮವರಿಂದ ತೆಗೆದುಕೊಳ್ಳುವುದಿಲ್ಲ ಎನ್ನುವುದು ಅವಳಿಗೆ ಉಪ್ಪಿನಷ್ಟು ಖಾತ್ರಿ.

ಆದರೆ ಹೋಟೆಲಿನವರಿಗೆ ಪಿಂಚಣಿ ಯಾರು ಕೊಡುತ್ತಾರೆ? ಅವಳ ಮಂಡಿ ಆಗಲೇ ಸವೆದಿದೆ. ಅರವತ್ತಕ್ಕೆ ಮೆಸ್ಸನ್ನು ಬೇರೆಯವರಿಗೆ ವಹಿಸಿ, ಯಾರ ಮನೆಯ ಮೂಲೆಯನ್ನೂ ಹಿಡಿಯದೆ ತಮ್ಮ ಖರ್ಚಿಗೆ ತಾವೇ ಇರಬೇಕೆಂಬುದು ಅವಳ ಹಟ. ಅದಕ್ಕೆಂದೇ ವರ್ಷಗಳಿಂದ ಪ್ರತಿ ತಿಂಗಳು ಮ್ಯೂಚುವಲ್ ಫಂಡಿಗೆ ಹಣ ಕಟ್ಟುತ್ತಿದ್ದಳು. ಕಟ್ಟಿಸಿದವನು ಅಣ್ಣನ ಮಗ ಸಂದೇಶ್. ಫಂಡು ಮಾರುವುದೇ ಅವನ ಉದ್ಯೋಗ.

"ನಮ್ಮ ಹುಡುಗ, ನಮ್ಮಿಂದ ಒಂದು ಪೈಸೆ ತಗೊಳ್ಳುದಿಲ್ಲ" ಎಂದು ಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಅವನು ಒಮ್ಮೆಯೂ ಬಿಲ್ಲು ಕೊಟ್ಟಿರಲಿಲ್ಲವಲ್ಲ, ಅದೇ ಅವಳಿಗೆ ಪುರಾವೆ.

ಈ ವರ್ಷ ಮಗಳು ಅನ್ವಿತಾ ಗಿಂಡಿ ಬಡಾವಣೆಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. ತನ್ನ ಉಳಿತಾಯಕ್ಕೆಂದು ಫಂಡುಗಳ ಶುಲ್ಕ ಹೋಲಿಸಿ ನೋಡುವಾಗ ಅಮ್ಮನ ಫಂಡನ್ನೂ ಪಕ್ಕದಲ್ಲಿಟ್ಟು ನೋಡಿದಳು. ಮಧ್ಯಾಹ್ನದ ಗಲಾಟೆ ಮುಗಿದ ಮೇಲೆ ಫೋನು ತಂದು ಅಮ್ಮನ ಮುಂದೆ ಹಿಡಿದಳು.

"ಅಮ್ಮಾ, ಇದು ಫ್ರೀ ಇಲ್ಲೈ. ಉಳ್ಳಿರುಂದೇ ಎಡುತ್ತುಕ್ಕರಾಂಗ."

ಚೆನ್ನೈಯಲ್ಲಿ ಓದಿದ ಹುಡುಗಿ, ಅಮ್ಮನ ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ. ಒಳಗಿಂದಲೇ ತೆಗೆದುಕೊಳ್ಳುತ್ತಾರೆ ಎಂದಳು, ನಿಜವೂ ಅದೇ. ಬೇಬಿಯಕ್ಕನ ಫಂಡಿನಲ್ಲಿ ಲಕ್ಷಕ್ಕೆ ವರ್ಷಕ್ಕೆ ಸಾವಿರದ ಒಂಬೈನೂರು ರೂಪಾಯಿ ಶುಲ್ಕ ಕಡಿತವಾಗುತ್ತಿತ್ತು, ಅದರಲ್ಲೊಂದು ಪಾಲು ಸಂದೇಶನಿಗೆ. ಅನ್ವಿತಾ ಆರಿಸಿದ್ದು ಇಂಡೆಕ್ಸ್ ಫಂಡು. ದೊಡ್ಡ ಕಂಪನಿಗಳ ಷೇರುಗಳನ್ನು ಸುಮ್ಮನೆ ಕೊಂಡು ಇಟ್ಟುಕೊಳ್ಳುವಂಥದ್ದು, ನಡುವೆ ಮಾರುವವರೂ ಇಲ್ಲ. ಅದರ ಶುಲ್ಕ ಲಕ್ಷಕ್ಕೆ ಇನ್ನೂರು. ಶುಲ್ಕ ಕಳೆಯುವ ಮುಂಚೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಬೆಳೆದಿದ್ದವು. ಹನಿಗೂಡಿದರೆ ಹಳ್ಳ ಅನ್ನುತ್ತಾರೆ, ಇಲ್ಲಿ ಹನಿಹನಿಯಾಗಿ ಹಳ್ಳವೇ ಸೋರಿಹೋಗುತ್ತಿತ್ತು.

"ಕೊಯಂಬೇಡು ಮಾರ್ಕೆಟ್ಟಿನಲ್ಲಿ ದಲಾಲಿ ಎಷ್ಟು ಅಂತ ಕೇಳದೆ ಒಂದು ಮೂಟೆ ಈರುಳ್ಳಿ ಇಳಿಸಿದವಳಲ್ಲ ನಾನು" ಎಂದಳು ಬೇಬಿಯಕ್ಕ, ಇನ್ನೂ ಎಲೆಯ ಮುಂದೆ ಕೂತಿದ್ದ ನನ್ನತ್ತ ತಿರುಗಿ. "ಮುದಿಪ್ರಾಯದ ಅನ್ನಕ್ಕೆ ಮಾತ್ರ ಕೇಳ್ಲೇ ಇಲ್ಲ, ನೋಡಿ."

ಶೀನಣ್ಣ ಒಳಗಿನಿಂದಲೇ, "ಹೋಗ್ಲಿ ಬಿಡು ಮಾರಾಯ್ತಿ. ನಮ್ಮವ. ಈಗ ಕೇಳಿದ್ರೆ ನಿನ್ನ ತವರಿನ ಬಾಗ್ಲು ಮುಚ್ಚೀತು" ಎಂದ.

ನನಗೆ ಮೈ ಉರಿಯಿತು. ದಾಕ್ಷಿಣ್ಯಕ್ಕೆ ಬಸುರಾಗು ಎನ್ನುವುದು ಸುಲಭ, ಹೆರಬೇಕಾದವಳು ಬೇಬಿಯಕ್ಕ. ನಾನು ಹಾಗೆಂದು ಬಾಯಿಬಿಟ್ಟೇ ಹೇಳಿದೆ. ಶೀನಣ್ಣ ಎರಡು ದಿನ ನನ್ನ ಎಲೆಗೆ ತುಪ್ಪ ಹಾಕಲಿಲ್ಲ.

ಬೇಬಿಯಕ್ಕ ಹೆದರುವವಳಲ್ಲ. ಆದರೂ ಅಣ್ಣನ ಮನೆಯೊಂದೇ ಅವಳಿಗೆ ಉಳಿದಿರುವ ತವರು, ಅದು ತಪ್ಪಿಹೋದರೆ ಎಂಬ ಸಂಕಟ ಅವಳ ಮುಖದಲ್ಲೇ ಕಾಣುತ್ತಿತ್ತು. ಭಾನುವಾರ ಸಂದೇಶನನ್ನು ಕರೆದಳು. ಅವನಿಗಿಷ್ಟದ ಬಾಳೆಕಾಯಿ ಪಲ್ಯ ಬಡಿಸಿ, ಅವನು ಮಜ್ಜಿಗೆಗೆ ಬರುವವರೆಗೆ ಕಾದಳು.

"ಸಂದೇಶಾ, ನನ್ನ ಫಂಡಿನಲ್ಲಿ ನಿಂಗೆ ಎಷ್ಟು ಬರ್ತದೆ?"

ಅವನು ನಕ್ಕ. "ಎಂತ ಅತ್ತೆ, ಅದು ಕಂಪನಿಯವ್ರು ಕೊಡುದು."

"ಕಂಪನಿಯವ್ರಿಗೆ ಯಾರು ಕೊಡುದು?"

ಅವನು ಎಲೆಯಲ್ಲಿದ್ದ ಉಪ್ಪಿನಕಾಯಿಯನ್ನು ಬದಿಗೆ ಸರಿಸಿದ. "ನಿಮ್ಮ ದುಡ್ಡಿಂದ್ಲೇ" ಎಂದ ಕೊನೆಗೆ.

"ಮೊದ್ಲೇ ಹೇಳ್ಬಹುದಿತ್ತು."

"ಕಾಗದದಲ್ಲಿ ಉಂಟು ಅತ್ತೆ. ಬಾಯಲ್ಲಿ ಹೇಳ್ಲಿಕ್ಕೆ ನಂಗೆ ನಾಚಿಕೆ. ನಮ್ಮವರ ಹತ್ರ ದುಡ್ಡಿನ ಮಾತು ಹೇಗೆ ಆಡುದು?"

ಅವನನ್ನು ಬೈಯಲೆಂದೇ ಅಲ್ಲಿ ಕೂತಿದ್ದ ನನಗೆ ಅವನ ಮೇಲೆ ಕನಿಕರ ಬಂತು. ಅತ್ತೆಗೆ ಕೇಳಲು ಸಂಕೋಚ, ಅಳಿಯನಿಗೆ ಹೇಳಲು ಸಂಕೋಚ, ನಡುವೆ ಮುಪ್ಪಿನ ಹಣ ಸದ್ದಿಲ್ಲದೆ ಕರಗಿತ್ತು.

ಬೇಬಿಯಕ್ಕ ತನ್ನ ತೀರ್ಮಾನವನ್ನು ನೇರವಾಗಿ ಹೇಳಿದಳು. ಮುಂದಿನ ತಿಂಗಳಿನಿಂದ ಕಂತು ಕಡಿಮೆ ಶುಲ್ಕದ ಫಂಡಿಗೇ ಹೋಗುತ್ತದೆ. ಹಳೆಯ ಹಣವನ್ನು ಒಟ್ಟಿಗೇ ತೆಗೆದರೆ ತೆರಿಗೆ ಹೆಚ್ಚು ಬೀಳುತ್ತದೆ, ಹಾಗಾಗಿ ವರ್ಷವರ್ಷ ಸ್ವಲ್ಪ ಸ್ವಲ್ಪವೇ ಅಲ್ಲಿಗೆ ಸಾಗಿಸಬೇಕು.

ಸಂದೇಶ್ ಎಲೆ ಮಡಿಚಿದ. "ಹಾಗಾದ್ರೆ ಇನ್ನು ನಾನು ಇಲ್ಲಿಗೆ ಬರುದು ಬೇಡ್ವಾ ಅತ್ತೆ?"

"ಬರ್ಬೇಕು. ನಿಂಗೂ ಹೊಟ್ಟೆ ಉಂಟು, ಸಂಸಾರ ಉಂಟು. ವರ್ಷಕ್ಕೊಮ್ಮೆ ಬಂದು ನನ್ನ ಪಕ್ಕ ಕೂತು ಹಳೇದನ್ನು ಸಾಗಿಸಿ ಕೊಡು. ಆ ಕೆಲಸಕ್ಕೆ ಎಷ್ಟು, ಹೇಳು."

"ನಿಮ್ಮ ಹತ್ರ ಎಂತದು ಅತ್ತೆ..."

"ಹೇಳು ಪಾ."

ಅವನು ಕೈತೊಳೆದು ಬಂದ. ಶೀನಣ್ಣ ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಗೋಡೆಯನ್ನು ನೋಡುತ್ತ, "ಎರಡು ಸಾವಿರ" ಎಂದ ಸಂದೇಶ್.

"ಜಾಸ್ತಿ ಆಯ್ತು" ಎಂದಳು ಬೇಬಿಯಕ್ಕ. "ಆದ್ರೂ ಕೊಡ್ತೇನೆ. ಎಷ್ಟು ಅಂತ ಈಗ ಗೊತ್ತುಂಟಲ್ಲ."