ಗೌರತ್ತೆಯ ಕಿವಿ

ಹೂವಿನಂಗಡಿಯ ಮುಂದೆ ನಿಂತರೆ ಚೆಂಡುಹೂವಿನ ಘಾಟು ಮೂಗಿಗೆ ಬಡಿಯುತ್ತದೆ. ನನಗೆ ಆ ವಾಸನೆ ಆಗದು. ಆದರೂ ನಿವೃತ್ತನಾದ ಮೇಲೆ ಬೋಳುತಲೆಗೆ ಬಟ್ಟೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಚಾಮರಾಜನಗರದ ಈ ಅಂಗಡಿಗೆ ದಿನಾ ಮಧ್ಯಾಹ್ನ ಬರುತ್ತೇನೆ. ಮನೆಯಲ್ಲಿರುವುದು ನಾನು ಮತ್ತು ಒಂದು ದೇವರ ಪಟ. ಅದಕ್ಕೆಷ್ಟು ಹೂವು ಬೇಕು, ನೀವೇ ಹೇಳಿ.

ಈ ಘಾಟು ಬಂದರೆ ಗೌರತ್ತೆ ಬಂದಂತೆ. ನಮ್ಮಪ್ಪನ ತಂಗಿ. ಹುಟ್ಟಿನಿಂದಲೇ ಮೈಗೆ ಬಣ್ಣವಿರಲಿಲ್ಲ. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಮದುವೆಯಾಗಲಿಲ್ಲ. ಬಿಸಿಲು ತಾಗಿದರೆ ಚರ್ಮ ಬೇಯುತ್ತದೆಂದು ಗುಂಡ್ಲುಪೇಟೆ ಹತ್ತಿರದ ನಮ್ಮ ಹಳ್ಳಿಮನೆಯ ಒಳಗೇ ಬೆಳೆದವಳು. "ನೆರಳಲ್ ಕೂತಿರೋ ಮಾರಾಣಿ" ಎಂದು ಅಮ್ಮ ರೇಗಿಸುತ್ತಿದ್ದಳು. ಆ ರಾಣಿಯನ್ನು ಮಾತಾಡಿಸುವವರೇ ಇರಲಿಲ್ಲ. ಊರಿಗೆ ಊರೇ ಹೊಲದಲ್ಲಿರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಹೊಲಕ್ಕೂ ಚೆಂಡುಹೂವು ಬಂತು. ಹೆಂಗಸರು ಸಾಲು ಹಿಡಿದು ಹೂವು ಕೀಳುತ್ತಾ ಊರಿನ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ಅತ್ತೆ ತಡೆಯಲಾರದೆ ತಾನೂ ಇಳಿದುಬಿಟ್ಟಳು. ತುಂಬುತೋಳಿನ ಶರ್ಟು, ತಲೆಗೆ ಟವಲ್. ಕಿವಿ ಮಾತ್ರ ಹೊರಗೆ.

"ಕಿವಿನೂ ಮುಚ್ಕೊ ಅತ್ತೆ," ಎಂದೆ.

"ಮುಚ್ಕಂಡ್ರೆ ಅವ್ರಾಡೋ ಮಾತು ಕೇಳುಸ್ತದಾ? ಓಗ್ಲಾ!"

ಕಿವಿಯ ಮೇಲೆ ಮೊದಲು ಒರಟು ಕಲೆಗಳೆದ್ದವು. ಆಮೇಲೆ ಒಂದು ಹುಣ್ಣು. ಎಷ್ಟು ಅರಿಶಿನ ಹಚ್ಚಿದರೂ ಮಾಯಲಿಲ್ಲ. ಮೈಸೂರಿನ ಡಾಕ್ಟರು ಚರ್ಮದ ಕ್ಯಾನ್ಸರ್ ಎಂದರು, ಬಣ್ಣವಿಲ್ಲದ ಮೈಗೆ ಬಿಸಿಲೇ ಶತ್ರು ಎಂದರು, ಕಿವಿಯ ಮೇಲ್ತುದಿಯನ್ನು ಕತ್ತರಿಸಿದರು. ಪಟ್ಟಿ ಬಿಚ್ಚಿದ ದಿನ ಅತ್ತೆ ಕೇಳಿದ್ದು ಇಷ್ಟೇ: "ಕೇಳುಸ್ತದೆ ತಾನೆ? ಸಾಕು ಬುಡು."

ಬಿಸಿಲಿಗೆ ಕಳಿಸಬೇಡಿ ಎಂದಿದ್ದರು. ನಾವು ಕಳಿಸಲಿಲ್ಲ. ಮುಂದಿನ ಹೂವಿನ ಕಾಲದಲ್ಲಿ ಅವಳು ಬಾಗಿಲೊಳಗೆ ಕೂತು ಆ ಮೊಂಡುಕಿವಿಯನ್ನು ಹೊಲದ ಕಡೆಗೆ ತಿರುಗಿಸಿರುತ್ತಿದ್ದಳು. ಅಲ್ಲಿಗೆ ಹೆಂಗಸರ ನಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಭಾನುವಾರದ ರಜೆಗೆ ಊರಿಗೆ ಬಂದ ನಾನು ಹೊಲದಿಂದ ಮರಳಿದರೆ ಸಾಕು, "ಏನಂತೆ ಕಣ್ಲಾ?" ಎನ್ನುವಳು.

ಮರುವರ್ಷ ಕತ್ತಿನಲ್ಲಿ ಗಂಟು ಕಾಣಿಸಿತು. ಅತ್ತೆ ಉಳಿಯಲಿಲ್ಲ.

"ಸಾ, ಬಿಸ್ಲಲ್ ಯಾಕ್ ನಿಂತಿದ್ದೀರಿ? ನೆರಳ್ಗೆ ಬನ್ನಿ," ಎಂದಳು ಹೂವಿನಾಕೆ, ಪಕ್ಕದವಳೊಡನೆ ಆಡುತ್ತಿದ್ದ ಮಾತು ನಿಲ್ಲಿಸಿ. ದಿನಾ ಕರೆಯುತ್ತಾಳೆ, ಬೇಡಮ್ಮ ಎಂದು ಹೊರಟುಬಿಡುತ್ತಿದ್ದೆ. ಇವತ್ತು ಹೋಗಿ ಅವಳ ಪೆಟ್ಟಿಗೆಯ ಮೇಲೆ ಕುಳಿತೆ. ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ, "ಏನಂತೆ?" ಎಂದೆ.