ಸುಮತಿಯಕ್ಕನ ಪೊಟ್ಟಣ

ನಫೀಸಾ, ಆ ಪೊಟ್ಟಣವನ್ನು ನಾನು ಊರಿಗೆ ಒಯ್ಯಲೇ ಇಲ್ಲ. ಅಬು ಹಲೀಫಾದ ನನ್ನ ಫ್ಲ್ಯಾಟಿನಲ್ಲಿ, ಚಪ್ಪಲಿ ಕಪಾಟಿನ ಹಿಂದೆ, ಅದು ಈಗಲೂ ಇದೆ — ಐದು ವರ್ಷವಾಯಿತು.

ಆಗ ನೀನು ಒಂಬತ್ತನೇ ಕ್ಲಾಸು, ಶುಕ್ರವಾರದ ನನ್ನ ಕನ್ನಡ ಪಾಠಕ್ಕೆ ಬರುತ್ತಿದ್ದೆ. ನಾನು ರಜೆಗೆ ಮಂಗಳೂರಿಗೆ ಹೊರಟಿದ್ದೇನೆಂದು ತಿಳಿದು, ನಮ್ಮ ಕಟ್ಟಡ ಗುಡಿಸುವ ಸುಮತಿಯ ಪೊಟ್ಟಣವನ್ನು ನೀನೇ ಹೊತ್ತು ತಂದೆ. ಈ ಕೊಲ್ಲಿ ನಾಡಿನಲ್ಲಿ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ನಾಲ್ಕು ಮನೆಯ ಸಾಮಾನು ಇರುವುದು ರೂಢಿಯೇ.

“ಅವರ ಮಗಳಿಗೆ ಸ್ಕೂಲ್ ಶೂಸ್, ಸರ್. ಒನ್ಲಿ ಒಂದ್ ಕೇಜಿ.”

“ಒಳಗೆ ನೋಡಿದ್ದೀಯಾ?”

“ನೋಡ್ಬೇಕಾ ಸರ್? ಅಕ್ಕ ಹೇಳಿದ್ರಲ್ಲ!”

ನಕ್ಕುಬಿಟ್ಟೆ. ನೀನು ಹೋದ ಮೇಲೆ ಅಲ್ಲಾಡಿಸಿ ನೋಡಿದೆ. ಒಳಗೆ ಏನೋ ಡಬ್ಬಿಯ ಸದ್ದು. ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ? ಕೆಲಸ, ಇಲ್ಲಿ ಇರಲು ಕೊಟ್ಟ ಇಕಾಮಾ, ಎಲ್ಲ ಖಲಾಸ್. ಬಿಚ್ಚಿ ನೋಡಬಹುದಿತ್ತು. ಆಗದು ಎಂದು ಹಿಂತಿರುಗಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮಂಗಳೂರು ಏರ್‌ಪೋರ್ಟಿನ ಗೇಟಿನಲ್ಲಿ ಸುಮತಿಯ ತಮ್ಮ ನನ್ನ ಹೆಸರು ಬರೆದ ರಟ್ಟು ಹಿಡಿದು ನಿಂತಿದ್ದ. ಅವನ ಪಕ್ಕದಿಂದಲೇ ನಡೆದುಹೋದೆ.

ಮರಳಿ ಬಂದಾಗ ಸುಮತಿ ಕೇಳಿದಳು. ನೀನೂ ಜೊತೆಗಿದ್ದೆ.

“ತಮ್ಮ ಸಾಮಾನು ಸಿಕ್ಕಲೇ ಇಲ್ಲ ಅಂತಾನಲ್ಲ ಸರ್?”

“ಅವನ ಕೈಗೇ ಕೊಟ್ಟಿದ್ದೇನಮ್ಮ. ಜನ ಹೀಗೇ — ಒಡಹುಟ್ಟಿದವರನ್ನೂ ನಂಬುವ ಹಾಗಿಲ್ಲ.”

ಮೇಷ್ಟ್ರ ಮಾತಲ್ಲವೇ! ಸುಮತಿ ತಮ್ಮನ ಜೊತೆ ಮಾತು ಬಿಟ್ಟಳು, ನನ್ನನ್ನು ನಂಬಿದಳು. ನೀನೂ...

ನರ್ಸ್ ಆಗಿ ಗುರುತಿಲ್ಲದವರನ್ನೂ ನೋಡಿಕೊಳ್ಳುತ್ತೇನೆ ಎಂದು ಬರೆದಿದ್ದ ಹುಡುಗಿ ನೀನು, ಮುಂದಿನ ಪ್ರಬಂಧದಲ್ಲಿ ಹೀಗೆ ಬರೆದೆ: ‘ಸಹಾಯ ಕೇಳುವವರಿಗೆ ಏನೋ ಲಾಭ ಇರುತ್ತದೆ. ನಾನು ನನ್ನದನ್ನು ಮಾತ್ರ ನೋಡಿಕೊಳ್ಳುತ್ತೇನೆ.’ ಕೆಂಪು ಶಾಯಿಯಲ್ಲಿ ‘ಲೋಕಜ್ಞಾನ ಚೆನ್ನಾಗಿದೆ’ ಎಂದು ಬರೆದು ಹತ್ತಕ್ಕೆ ಒಂಬತ್ತು ಹಾಕಿದೆ. ಆಗ ನನಗೇನೂ ಅನಿಸಲಿಲ್ಲ — ಅದನ್ನೂ ಹೇಳಬೇಕು. ಪೊಟ್ಟಣ ಬಿಚ್ಚಿ ನೋಡಿ ಅಷ್ಟರಲ್ಲಿ ಒಂದು ವಾರವಾಗಿತ್ತು. ಕರಿಯ ಶೂ, ಒಂದರೊಳಗೆ ಪೌಡರ್ ಡಬ್ಬಿ.

ಮೊನ್ನೆ ನಿನ್ನ ಉಮ್ಮ ಲಿಫ್ಟಿನಲ್ಲಿ ಸಿಕ್ಕಿದರು. “ನಫೀಸಾ ಈಗ ಭಾರೀ ಉಷಾರು ಸರ್! ಹಾಸ್ಟೆಲಲ್ಲಿ ಯಾರಿಗೂ ಒಂದು ಪೆನ್ನು ಸಹ ಕೊಡುದಿಲ್ಲ. ಎಲ್ಲ ನೀವು ಕಲಿಸಿದ್ದೇ!” ಅವರು ನಕ್ಕರು. ನಾನೂ —

ಈ ಶುಕ್ರವಾರ ಪಾಠಕ್ಕೆ ಮುಂಚೆ ಶೂ ಹಿಡಿದುಕೊಂಡು ಸುಮತಿಯ ಬಳಿಗೆ ಹೋಗುತ್ತೇನೆ. ಆ ಮಗುವಿನ ಕಾಲಿಗೆ ಇನ್ನು ಅವು ಹಿಡಿಸುವುದಿಲ್ಲ. ಕ್ಷಮೆ ಆಮೇಲಿನ ಮಾತು. ಮೊದಲು ಅವಳಿಗೆ ಹೇಳಬೇಕಾದದ್ದು ಒಂದೇ — ನಿನ್ನ ತಮ್ಮ ಅವತ್ತು ಗೇಟಿನಲ್ಲಿ ಕಾಯುತ್ತಿದ್ದ, ಸುಮತಿ.